ಎಫ್‌ಡಿ ಮುರಿಸಬೇಡಿ ಅಪ್ಪ

ಕೊಲಂಬಸ್, ಒಹಾಯೊ
12 ಅಕ್ಟೋಬರ್ 2025, ಭಾನುವಾರ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಪುಟ್ಟಿಗೆ ಸ್ವಲ್ಪ ಶೀತ ಇತ್ತು, ಈಗ ಇಲ್ಲ.

ಸೀನ ಫೋಟೊ ತೆಗೆದು ಕಳಿಸಿದ ನಿಮ್ಮ ಕಾಗದ ಗುರುವಾರ ಬಂತು. ಮೂರು ಸಲ ಓದಿದೆ. ಫೋನಲ್ಲಿ ಹೇಳಿದರೆ ಅಮ್ಮನ ಕಿವಿಗೆ ಬೀಳುತ್ತದೆ ಅಂತ ಬರೆದಿದ್ದೀರಿ, ಗೊತ್ತಾಯಿತು. ಅದಕ್ಕೇ ನಾನೂ ಬರೆಯುತ್ತಿದ್ದೇನೆ. ಹಳೇ ಕಾರು ಬೇಡ, ಬ್ಯಾಂಕಿನ ಎಫ್‌ಡಿ ಮುರಿಸಿ ದುಡ್ಡು ಕಳಿಸುತ್ತೇನೆ, ಹೊಸದೇ ತಗೊಳ್ಳಿ ಅಂದಿದ್ದೀರಿ. ಎಲ್ಲಕ್ಕಿಂತ ಮೊದಲು ಹೇಳಿಬಿಡುತ್ತೇನೆ. ಎಫ್‌ಡಿ ಮುರಿಸಬೇಡಿ. ನೀವು ದುಡ್ಡು ಕಳಿಸಿದರೂ ನಾವು ತಗೊಳ್ಳುವುದಿಲ್ಲ. ಅಳಿಯಂದಿರೂ ಇದನ್ನೇ ಹೇಳುತ್ತಿದ್ದಾರೆ.

ಬಸುರಿ ಮಗಳು, ಸಣ್ಣ ಮಗು, ಹಿಮ ಬೀಳುವ ಊರು, ಅಂಥ ಕಡೆ ಯಾರೋ ಓಡಿಸಿ ಬಿಟ್ಟ ಕಾರು ಯಾಕೆ ಅಂತ ಕೇಳಿದ್ದೀರಿ. ನೀವು ಯಾಕೆ ಹೆದರುತ್ತೀರಿ ಅಂತ ನನಗೆ ಗೊತ್ತು. ಆ ಹಳೇ ಫಿಯೆಟ್ ನಾನೂ ಮರೆತಿಲ್ಲ. ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿ ಹತ್ತುತ್ತಾ ಬಾನೆಟ್ಟಿನಿಂದ ಹೊಗೆ ಎದ್ದಿತ್ತು. ಅಮ್ಮ ನನ್ನನ್ನೂ ಸೀನನನ್ನೂ ಸೆರಗಿನಲ್ಲಿ ಸುತ್ತಿಕೊಂಡು ಮಳೆಯಲ್ಲಿ ನಿಂತಿದ್ದಳು. ನೀವು ಕ್ಯಾನ್ ಹಿಡಿದು ಝರಿ ನೀರು ತಂದು ತಂದು ಸುರಿದಿರಿ. ಹೇಗೋ ಅಣ್ಣಪ್ಪ ಸ್ವಾಮಿ ಗುಡಿಯವರೆಗೆ ಬಂದೆವು. ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಗಿದೆ, ಕಡಿಮೆ ಓಡಿದೆ ಅಂತ ತೋರಿಸಲು ಮೀಟರ್ ಕೂಡ ಹಿಂದಕ್ಕೆ ತಿರುಗಿಸಿ ಮಾರಿದ್ದಾರೆ ಅಂತ ಆಮೇಲೆ ಗ್ಯಾರೇಜಿನಲ್ಲಿ ಹೇಳಿದರು. ಆ ವರ್ಷದ ಕೊಬ್ಬರಿ ದುಡ್ಡೆಲ್ಲ ಆ ಕಾರಿಗೇ ಹೋಯಿತು. ಅಮ್ಮನಿಗೆ ಅಂತ ಎತ್ತಿಟ್ಟಿದ್ದ ಬಳೆ ದುಡ್ಡೂ ಹೋಯಿತು.

ಆದರೆ ಇಲ್ಲಿ ಹಳೇ ಕಾರು ಕೊಳ್ಳುವ ಕ್ರಮವೇ ಬೇರೆ. ನೀವು ನಂಬಬೇಕು ಅಂತ ಬಿಡಿಸಿ ಬರೆಯುತ್ತೇನೆ. ಪ್ರತಿ ಕಾರಿಗೂ 17 ಅಕ್ಷರ, ಅಂಕಿ ಸೇರಿದ ಒಂದು ನಂಬರ್ ಇರುತ್ತದೆ. ಅದನ್ನು ಕೊಟ್ಟು ಸ್ವಲ್ಪ ದುಡ್ಡು ಕಟ್ಟಿದರೆ ಕಾರಿನ ಜಾತಕ ಬರುತ್ತದೆ. ಎಷ್ಟು ಜನ ಓಡಿಸಿದ್ದಾರೆ, ಯಾವ ರಾಜ್ಯದಲ್ಲಿತ್ತು, ಅಪಘಾತ ದಾಖಲಾಗಿದೆಯಾ, ಎಷ್ಟು ಮೈಲಿಗೆ ಸರ್ವಿಸ್ ಆಯಿತು ಎಲ್ಲ ಇರುತ್ತದೆ. ಕಾರು ಕೈ ಬದಲಾದಾಗ ಮೀಟರಿನ ಅಂಕಿ ಬರೆದು ಸಹಿ ಹಾಕಬೇಕು. ಮೀಟರ್ ತಿರುಗಿಸುವುದು ದೇಶದ ಕಾನೂನಿನಲ್ಲೇ ಅಪರಾಧ. ಕಂಪನಿ ತಪ್ಪಿನಿಂದ ವಾಪಸ್ ಕರೆದ ರಿಪೇರಿ ಬಾಕಿ ಇದೆಯಾ ಅಂತ ಅದೇ ನಂಬರ್ ಹಾಕಿ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು. ನಮ್ಮದರಲ್ಲಿ ಏನೂ ಬಾಕಿ ಇಲ್ಲ.

ಇಷ್ಟಾದರೂ ಬರೀ ಕಾಗದ ನಂಬಬಾರದು ಅಂತ ನಮಗೆ ಬೇಗನೇ ಗೊತ್ತಾಯಿತು. ಮೊದಲು ನೋಡಿದ ಕಾರಿನ ಜಾತಕ ಚೊಕ್ಕವಾಗಿತ್ತು. ನಮ್ಮ ಮೆಕ್ಯಾನಿಕ್ ಅದನ್ನು ಮೇಲೆತ್ತಿ ಕೆಳಗೆ ಟಾರ್ಚ್ ಹಾಕಿ ತೋರಿಸಿದ. ಅಡಿಯೆಲ್ಲ ತುಕ್ಕು ತಿಂದು ಪದರ ಎದ್ದಿತ್ತು. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆ ತುಂಬ ಉಪ್ಪು ಹಾಕುತ್ತಾರೆ. ಆ ಉಪ್ಪು ನೀರು ಕಾರಿನ ಅಡಿಗೆ ಎರಚಿ ಎರಚಿ ಕಬ್ಬಿಣ ತಿನ್ನುತ್ತದೆ. ಮೇಲೆ ಪಳಪಳ, ಕೆಳಗೆ ಜೊಳ್ಳು. ಅದನ್ನು ಬಿಟ್ಟು ಬಂದೆವು. ಕೊಳ್ಳುವ ಮುಂಚೆ ಕಾರನ್ನು ನಮ್ಮ ಮೆಕ್ಯಾನಿಕ್ ಹತ್ತಿರ ಒಯ್ದು ತೋರಿಸುತ್ತೇವೆ ಅಂದರೆ ಇಲ್ಲಿ ಸಾಮಾನ್ಯವಾಗಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಡ ಅನ್ನುವವನ ಹತ್ತಿರ ಕೊಳ್ಳಲೇಬಾರದು. ಈ ಒಂದು ಪದ್ಧತಿ ನಮ್ಮಲ್ಲೂ ಬಂದರೆ ಎಷ್ಟು ಚೆನ್ನ, ಅಲ್ವಾ ಅಪ್ಪ?

ಹೊಸ ಕಾರನ್ನೂ ನೋಡದೆ ಬಿಟ್ಟಿಲ್ಲ. ಹೊಸ ಟೊಯೊಟಾ ಕ್ಯಾಮ್ರಿಯ ಕೆಳಗಿನ ಮಾದರಿಗೇ ತೆರಿಗೆ, ಸಾಗಾಣಿಕೆ ಸೇರಿ 32 ಸಾವಿರ ಡಾಲರ್ ಹತ್ತಿರ ಬಂತು. 2025ರ ಮಾದರಿಯಿಂದ ಕ್ಯಾಮ್ರಿ ಬರುವುದೇ ಹೈಬ್ರಿಡ್ ಆಗಿ, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುತ್ತದೆ, ಬರೀ ಪೆಟ್ರೋಲಿನದು ನಿಂತುಹೋಗಿದೆ. ಒಂದು ಶೋರೂಮಿನಲ್ಲಿ ನಾವು ಕೇಳದೇ ಇದ್ದ ಪೇಂಟ್ ರಕ್ಷಣೆ, ಟೈರಿಗೆ ನೈಟ್ರೋಜನ್ ಗಾಳಿ ಅಂತೆಲ್ಲ ಸೇರಿಸಿ ಸಾವಿರದ ಮೇಲೆ ಬರೆದುಕೊಂಡಿದ್ದರು. ತೆಗೆಯಿರಿ ಅಂದರೆ ತೆಗೆಯಲು ಆಗುವುದಿಲ್ಲ ಅಂದರು. ನನಗೆ ತುಂಬ ಕೋಪ ಬಂತು. ಎದ್ದು ಬಂದೆವು.

ಹೋಂಡಾ ಅಕಾರ್ಡ್ ಮೇಲೆ ಇವರಿಗೆ ಆಸೆ ಇತ್ತು. ನಮ್ಮ ಪಕ್ಕದ ಮೇರಿಸ್‌ವಿಲ್‌ನಲ್ಲೇ ಹೋಂಡಾ ಕಾರ್ಖಾನೆ ಇದೆ. ಜಪಾನಿನ ಕಂಪನಿಯೊಂದು ಅಮೆರಿಕದಲ್ಲಿ ಕಾರು ತಯಾರಿಸಲು ಶುರು ಮಾಡಿದ್ದು ಅಲ್ಲೇ, 1982ರಲ್ಲಿ, ಅದೂ ಅಕಾರ್ಡನ್ನೇ. ಹಾಗಾಗಿ ಇಲ್ಲಿಯವರಿಗೆ ಅದು ಊರ ಕಾರು. ಹಿಂದಿನ ಸೀಟಿನಲ್ಲಿ ಜಾಗವೂ ಕ್ಯಾಮ್ರಿಗಿಂತ ಜಾಸ್ತಿ. ಹ್ಯುಂಡೈ ಸೊನಾಟಾಗೆ ಎಂಜಿನ್, ಗೇರ್‌ಬಾಕ್ಸಿನ ಮೇಲೆ 10 ವರ್ಷ ಅಥವಾ 1 ಲಕ್ಷ ಮೈಲಿ ಗ್ಯಾರಂಟಿ ಕೊಡುತ್ತಾರೆ. ಆದರೆ ಅದು ಮೊದಲು ಕೊಂಡವರಿಗೆ ಮಾತ್ರ. ಬೇರೆಯವರಿಂದ ಕೊಂಡರೆ 5 ವರ್ಷ, 60 ಸಾವಿರ ಮೈಲಿಗೆ ಇಳಿಯುತ್ತದೆ. ಕ್ಯಾಮ್ರಿ ಹೈಬ್ರಿಡ್ಡಿನ ದೊಡ್ಡ ಬ್ಯಾಟರಿಗೆ 10 ವರ್ಷ ಅಥವಾ 1.5 ಲಕ್ಷ ಮೈಲಿ ಇದೆ, ಕಾರು ಯಾರ ಕೈಗೆ ಹೋದರೂ ಜೊತೆಯಲ್ಲೇ ಹೋಗುತ್ತದೆ. ಹಾಗಾಗಿ ಹೊಸದಾದರೆ ಸೊನಾಟಾ, ಹಳೇದಾದರೆ ಕ್ಯಾಮ್ರಿ ಅಂತ ನಾನು ಲೆಕ್ಕ ಹಾಕಿದೆ.

ಎಲ್ಲರೂ ಎಸ್‌ಯುವಿ ತಗೊಳ್ಳಿ ಅಂತಾರೆ. ಇಲ್ಲಿ ಸೆಡಾನ್, ಅಂದರೆ ಹಿಂದೆ ಡಿಕ್ಕಿ ಇರುವ ತಗ್ಗು ಕಾರು, ಕೇಳುವವರೇ ಕಡಿಮೆ ಆಗಿದ್ದಾರೆ. ಫೋರ್ಡ್ ಫ್ಯೂಷನ್ 2020ರಲ್ಲೇ ನಿಂತಿತು, ಶೆವ್ರಲೆ ಮಾಲಿಬು ಹೋದ ವರ್ಷ ನಿಂತಿತು. ಸೆಡಾನ್ ಅಂದರೂ ಚಿಕ್ಕದು ಅಂದುಕೊಳ್ಳಬೇಡಿ. ದೊಡ್ಡಪ್ಪನ ಡಿಜೈರ್ 4 ಮೀಟರ್ ಒಳಗೇ ಇದೆ, ಇದು ಸುಮಾರು 4.9 ಮೀಟರ್. ನಮ್ಮ ಅರಸೀಕೆರೆ ಮನೆ ಓಣಿಯಲ್ಲಿ ಇದನ್ನು ತಿರುಗಿಸಲೂ ಆಗುವುದಿಲ್ಲ. ಇನ್ನೊಂದು ಖುಷಿ ಏನು ಗೊತ್ತಾ? ಇದೇ ಕ್ಯಾಮ್ರಿಯನ್ನು ನಮ್ಮ ಬಿಡದಿಯಲ್ಲೂ ಜೋಡಿಸುತ್ತಾರೆ. ಹೋದ ಡಿಸೆಂಬರಿನಲ್ಲಿ ಹೊಸ ಮಾದರಿ ಬಂದಾಗ ಅಲ್ಲಿ 48 ಲಕ್ಷ ಇತ್ತು. ಅಲ್ಲಿ ಸಾಹುಕಾರರ ಕಾರು, ಇಲ್ಲಿ ಮೇಷ್ಟರು, ನರ್ಸುಗಳು ಓಡಿಸುವ ಕಾರು.

ಆದರೆ ಅಪ್ಪ, ಕಡೆಗೆ ಕಾರು ನಿಶ್ಚಯ ಆಗಿದ್ದು ಇದ್ಯಾವುದರಿಂದಲೂ ಅಲ್ಲ. ಅಮ್ಮನ ಮಂಡಿಯಿಂದ.

ಅಮ್ಮ ಬಾಣಂತನಕ್ಕೆ ಇಲ್ಲಿಗೆ ಬಂದರೆ ಆಸ್ಪತ್ರೆ, ದೇವಸ್ಥಾನ, ಅಂಗಡಿ ಎಲ್ಲಕ್ಕೂ ಕಾರಿನಲ್ಲೇ ಓಡಾಡಬೇಕು. ಹಿಂದೆ ಎರಡು ಮಕ್ಕಳ ಸೀಟು ಕಟ್ಟಿದರೆ ನಡುವೆ ಉಳಿಯುವುದು ಒಂದು ಗೇಣು ಜಾಗ. ಅಮ್ಮ ಮುಂದೆಯೇ ಕೂರಬೇಕು. ನನ್ನ ಗೆಳತಿಯ ತಾಯಿ ಮೈಸೂರಿನಿಂದ ಬಂದಿದ್ದಾರೆ, ಎರಡು ವರ್ಷದ ಕೆಳಗೆ ಎರಡೂ ಮಂಡಿ ಆಪರೇಷನ್ ಮಾಡಿಸಿಕೊಂಡವರು. ಕೂತಾಗ ಸೊಂಟ ಮಂಡಿಗಿಂತ ಮೇಲೆ ಇರಬೇಕು, ಇಲ್ಲದಿದ್ದರೆ ಏಳುವಾಗ ಭಾರವೆಲ್ಲ ಮಂಡಿಗೆ ಬೀಳುತ್ತದೆ ಅಂತ ಅವರಿಗೆ ಫಿಸಿಯೊಥೆರಪಿಯಲ್ಲಿ ಹೇಳಿಕೊಟ್ಟಿದ್ದಾರಂತೆ. ನಾನು ಅವರನ್ನೇ ಕರೆದುಕೊಂಡು ಹೋದೆ. ಅವರೂ ಅಮ್ಮನಷ್ಟೇ ಎತ್ತರ. ಪಾಪ, ಒಂದು ಶನಿವಾರ ಪೂರ್ತಿ ನನ್ನ ಜೊತೆ ಸುತ್ತಿದರು. ಅಕಾರ್ಡಿನಲ್ಲಿ ಕೂತರು, ಏಳಲು ನಾನು ಕೈ ಕೊಡಬೇಕಾಯಿತು, ಅದು ತುಂಬ ಕೆಳಗೆ. ದೊಡ್ಡ ಎಸ್‌ಯುವಿಯಲ್ಲಿ ಕೂತರು, ಇಳಿಯುವಾಗ ಕಾಲು ನೆಲಕ್ಕೆ ಎಟುಕಲಿಲ್ಲ. ಕ್ಯಾಮ್ರಿಯ ಮೇಲಿನ ಮಾದರಿಯಲ್ಲಿ ಮುಂದಿನ ಎರಡೂ ಸೀಟನ್ನು ಗುಂಡಿ ಒತ್ತಿ ಎತ್ತರಿಸಬಹುದು. ಅದರಲ್ಲಿ ಅವರು ತಾವಾಗೇ ಕೂತು ತಾವಾಗೇ ಎದ್ದರು. "ಇದು ಸರಿ ಕಣಮ್ಮ, ನಿಮ್ಮಮ್ಮನಿಗೆ ಇದೇ ತಗೋ" ಅಂದರು. ಅಲ್ಲೇ ನನ್ನ ಮನಸ್ಸು ನಿಶ್ಚಯ ಆಯಿತು.

ಹೊಸದರಲ್ಲಿ ಆ ಮೇಲಿನ ಮಾದರಿ ನಮ್ಮ ಕೈಗೆ ಎಟುಕುವುದಿಲ್ಲ. ಹಳೇದರಲ್ಲಿ ಎಟುಕುತ್ತದೆ. 2021ರ ಹೈಬ್ರಿಡ್, 41 ಸಾವಿರ ಮೈಲಿ ಓಡಿದೆ, ನಮ್ಮ ಲೆಕ್ಕದಲ್ಲಿ 66 ಸಾವಿರ ಕಿಲೋಮೀಟರ್. ಒಬ್ಬರೇ ಓಡಿಸಿದ್ದಾರೆ. ಮೊದಲ ಮೂರು ವರ್ಷ ನಾರ್ತ್ ಕೆರೊಲಿನಾದಲ್ಲಿತ್ತು, ಅಲ್ಲಿ ಹಿಮವೂ ರಸ್ತೆ ಉಪ್ಪೂ ಕಡಿಮೆ, ಹಾಗಾಗಿ ಅಡಿಯಲ್ಲಿ ತುಕ್ಕಿಲ್ಲ. ಲೀಟರಿಗೆ 19 ಕಿಲೋಮೀಟರ್ ಮೇಲೆ ಕೊಡುತ್ತದೆ. ಮುಂದೆ ಏನಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯೂ ಇದೆ. ಮೆಕ್ಯಾನಿಕ್ ಒಂದೂವರೆ ಗಂಟೆ ನೋಡಿದ. ಹಿಂದಿನ ಬ್ರೇಕ್ ಪ್ಯಾಡ್ ಸವೆದಿದೆ, ಎರಡು ಟೈರ್ ಬದಲಿಸಬೇಕು ಅಂದ. ಹಿಂದಿನ ಸೀಟಿನ ಹತ್ತಿರ ಬ್ಯಾಟರಿಗೆ ಗಾಳಿ ಎಳೆದುಕೊಳ್ಳುವ ಒಂದು ಜಾಲರಿ ಇದೆ, ಅದರಲ್ಲಿ ನಾಯಿ ಕೂದಲು ಕೂತಿತ್ತು, ತೆಗೆದುಕೊಟ್ಟ. ಅಲ್ಲಿ ಹೊದಿಕೆ, ಚೀಲ ಅಡ್ಡ ಇಡಬೇಡಿ, ಬ್ಯಾಟರಿ ಬಿಸಿಯಾಗುತ್ತದೆ ಅಂತ ಹೇಳಿದ. ಅವನು ಬರೆದುಕೊಟ್ಟ ಪಟ್ಟಿ ತೋರಿಸಿ 600 ಡಾಲರ್ ಕಡಿಮೆ ಮಾಡಿಸಿದೆವು. ಎಲ್ಲ ಸೇರಿ 26 ಸಾವಿರ ಆಯಿತು. ಹಳೇ ಕಾರಿನ ಸಾಲಕ್ಕೆ ಬಡ್ಡಿ ಜಾಸ್ತಿ, ಅದು ನಿಜ. ಅದಕ್ಕೇ ಅರ್ಧಕ್ಕಿಂತ ಹೆಚ್ಚು ಕೈಯಿಂದಲೇ ಕಟ್ಟುತ್ತಿದ್ದೇವೆ. ಹೊಸದಕ್ಕೂ ಇದಕ್ಕೂ 6 ಸಾವಿರ ಡಾಲರ್ ವ್ಯತ್ಯಾಸ, ನಮ್ಮ ದುಡ್ಡಿನಲ್ಲಿ 5 ಲಕ್ಷದ ಮೇಲೆ.

ಈಗ ನಿಮ್ಮ ಕಾಗದದ ಕೊನೆಯ ಸಾಲಿಗೆ ಬರುತ್ತೇನೆ. ಎರಡೂ ಮಂಡಿಯ ಆಪರೇಷನ್ನಿಗೆ ನಾಲ್ಕೂವರೆ ಲಕ್ಷ ಹೇಳಿದ್ದಾರೆ, ಅಮ್ಮ ಬಾಣಂತನ ಮುಗಿಸಿ ಬಂದು ಮಾಡಿಸಿಕೊಳ್ಳುತ್ತಾಳಂತೆ ಅಂತ ಒಂದೇ ಸಾಲಿನಲ್ಲಿ ಬರೆದುಬಿಟ್ಟಿದ್ದೀರಿ. ಅದರ ಹಿಂದಿನ ಪುಟದಲ್ಲಿ ಅವಳು ರಾತ್ರಿ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾಳೆ ಅಂತ ಬರೆದಿದ್ದೀರಿ. ನನಗೆ ಇದು ಗೊತ್ತೇ ಇರಲಿಲ್ಲ. ವಿಡಿಯೊದಲ್ಲಿ ಯಾವಾಗಲೂ ಕೂತೇ ಮಾತಾಡುತ್ತಿದ್ದಳು. ಯಾಕೆ ಅಂತ ಈಗ ಅರ್ಥ ಆಯಿತು.

ಆ ನೋವಿನಲ್ಲಿ ಅವಳು ಒಂದು ದಿನಪೂರ್ತಿ ವಿಮಾನದಲ್ಲಿ ಕೂತು, ಜನವರಿ ಚಳಿಯಲ್ಲಿ ಬಂದು, ಹಿಮದ ಮೇಲೆ ಕಾಲಿಟ್ಟು, ನನಗೆ ನೀರು ಹಾಕಿ, ಮಗು ಎತ್ತಿಕೊಂಡು ಮೆಟ್ಟಿಲು ಹತ್ತುವುದು ಬೇಡ ಅಪ್ಪ. ನನ್ನಿಂದ ನೋಡಲು ಆಗುವುದಿಲ್ಲ. ಎಫ್‌ಡಿ ಇರುವುದು ಆಪರೇಷನ್ನಿಗೆ. ದೀಪಾವಳಿ ಮುಗಿದ ಮೇಲೆ ತಾರೀಖು ತಗೊಳ್ಳಿ. ಕಡಿಮೆ ಬಿದ್ದರೆ, ಬೀಳದಿದ್ದರೂ, ಈ ಕಾರಿನಲ್ಲಿ ಉಳಿದ ದುಡ್ಡಿನಿಂದ 2 ಲಕ್ಷ ಕಳಿಸುತ್ತೇನೆ. ಬೇಡ ಅನ್ನಬೇಡಿ. ಮಂಡಿಗೆ ಹಾಕುವ ಇಂಪ್ಲಾಂಟಿಗೆ 2017ರಲ್ಲೇ ನಮ್ಮ ಸರ್ಕಾರ ಬೆಲೆಯ ಮಿತಿ ಹಾಕಿದೆ. ಅದರ ಬೆಲೆ, ಕಂಪನಿ ಹೆಸರು ಬಿಲ್ಲಿನಲ್ಲಿ ಬೇರೆಯಾಗಿ ಬರೆದುಕೊಡಿ ಅಂತ ಕೇಳಿ. ಸೀನನನ್ನು ಜೊತೆಗೆ ಕರೆದುಕೊಂಡು ಹೋಗಿ.

ಬಾಣಂತನಕ್ಕೆ ನಮ್ಮ ಅತ್ತೆ ಬರುತ್ತಾರೆ, ಮಾತಾಡಿದ್ದೇನೆ. ತವರಿನವರು ಮಾಡಬೇಕು, ಬೀಗರ ಮುಂದೆ ಹೇಗೆ ಅಂತ ಅಮ್ಮ ಅಳುತ್ತಾಳೆ, ಗೊತ್ತು. ಈ ಕಾಗದ ಅವಳಿಗೆ ಓದಿ ಹೇಳಿ. ಅಮ್ಮಾ, ಪುಟ್ಟಿ ಹುಟ್ಟಿದಾಗ ನೀನು ಮೂರು ತಿಂಗಳು ನಿದ್ದೆ ಕೆಟ್ಟು ನನ್ನನ್ನು ನೋಡಿಕೊಂಡಿದ್ದು ನನ್ನ ಮೈಯಲ್ಲೇ ಇದೆ. ಈ ಸಲ ನೀನು ಗಟ್ಟಿಯಾಗಿ ನಡೆಯುತ್ತಾ ಜೂನ್‌ನಲ್ಲಿ ಬಾ. ತೊಟ್ಟಿಲು ಶಾಸ್ತ್ರ ನೀನು ಬರುವವರೆಗೆ ಮಾಡುವುದಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವವಳು ನೀನೇ. ಅತ್ತೆಯವರೂ ಒಪ್ಪಿದ್ದಾರೆ.

ನನ್ನ ಬಗ್ಗೆ ಒಂದಿಷ್ಟೂ ಯೋಚನೆ ಬೇಡ. ನಾನು ಚೆನ್ನಾಗಿದ್ದೇನೆ, ಮಗು ಚೆನ್ನಾಗಿದೆ, ಡಾಕ್ಟರ್ ಎಲ್ಲ ಸರಿ ಇದೆ ಅಂದಿದ್ದಾರೆ, ಊಟ ಸರಿಯಾಗಿ ಮಾಡುತ್ತಿದ್ದೇನೆ, ಕಾಲು ಊದಿಲ್ಲ, ಭಾರ ಎತ್ತುವುದಿಲ್ಲ. ಕಾರು ಗಟ್ಟಿಯಾಗಿದೆ. ಹಳೇ ಕರೋಲಾ ಇವರು ಆಫೀಸಿಗೆ ಇಟ್ಟುಕೊಳ್ಳುತ್ತಾರೆ. ನೀವಿಬ್ಬರೂ ಬಂದಾಗ ಎಲ್ಲರೂ ಒಂದೇ ಕಾರಿನಲ್ಲಿ ಹಿಡಿಸುವುದಿಲ್ಲ, ಎರಡರಲ್ಲಿ ಹೋಗೋಣ. ಶನಿವಾರ ಕಾರು ಮನೆಗೆ ಬರುತ್ತದೆ. ಆಯುಧಪೂಜೆ ಹೋಯಿತು, ಬಲಿಪಾಡ್ಯಮಿ ದಿನ ಪೊವೆಲ್‌ನ ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸಿ ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವೆ. ಅಣ್ಣಪ್ಪ ಸ್ವಾಮಿಗೆ ಕಾಣಿಕೆ ಕಟ್ಟಿಟ್ಟಿದ್ದೇನೆ, ಊರಿಗೆ ಬಂದಾಗ ಹಾಕೋಣ.

ನಿಮ್ಮ ಬಿಪಿ ಮಾತ್ರೆ ಬಿಡಬೇಡಿ. ಪುಟ್ಟಿ ಎದ್ದಳು, ಕರೆಯುತ್ತಿದ್ದಾಳೆ. ಡಾಕ್ಟರ್ ತಾರೀಖು ಕೊಟ್ಟ ತಕ್ಷಣ ಫೋನ್ ಮಾಡಿ, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ.

ನಿಮ್ಮ ಮಗಳು