ಮಸ್ಕತ್ತಿನಲ್ಲಿರುವ ಮಗಳಿಗೆ

ಕುಂದಾಪುರ
ಸೆಪ್ಟೆಂಬರ್ 2025

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಓದಿ ನಾಲ್ಕು ದಿನ ಆಯ್ತು. ಮನೆ ಬದಲಾಯಿಸಿದ್ದು, ಅಳಿಯಂದಿರ ಕೆಲಸ, ಅದೆಲ್ಲ ನಿನ್ನ ಅಮ್ಮ ಆಗಲೇ ಹೇಳಿದ್ದಾಳೆ. ಕೊನೆಗೆ ಬರೆದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಇವನು ನಮ್ಮವನಾಗಿ ಉಳಿಯುವುದಿಲ್ಲವೇನೋ ದೊಡ್ಡಮ್ಮ." ರಾತ್ರಿ ಮಲಗಿದರೂ ಅದೇ, ಬೆಳಿಗ್ಗೆ ತುಳಸಿಗೆ ನೀರು ಹಾಕುವಾಗಲೂ ಅದೇ.

ನಿನ್ನ ಮಗ ಪುಟ್ಟ ರಂಜಾನ್‌ನ ಕರನ್‌ಕಶೋ ಹಾಡನ್ನು ಮಾರ್ಚ್‌ನಿಂದ ಹಾಡುತ್ತಲೇ ಇದ್ದಾನೆ, ಚೌತಿಯ ದಿನ ಮಾತ್ರ ಪೂಜೆ ಮುಗಿಯುವ ಮೊದಲೇ "ನಮ್ಮ ಹಬ್ಬಕ್ಕೆ ಯಾಕೆ ಯಾರೂ ಬರಲ್ಲ" ಅಂತ ಕೇಳಿದ ಅಂದಿದ್ದೀಯ. ಅದಕ್ಕೇ ನವೆಂಬರಿನ ನ್ಯಾಷನಲ್ ಡೇ ಆಚರಣೆಗೆ ಅವನನ್ನು ಶಾಲೆಗೆ ಕಳಿಸುವುದಿಲ್ಲ, ಅಲ್ಲಿಯವರ ಉದ್ದ ನಿಲುವಂಗಿ ದಿಶ್‌ದಾಶಾ ಹೊಲಿಸುವುದಿಲ್ಲ ಅಂತಲೂ ಬರೆದಿದ್ದೀಯ. ಅಲ್ಲಿಗೆ ಬಂದಾಗ ನನ್ನ ಕೈ ನಡುಗಿತು.

ನಾವು ಅಲ್ಲಿದ್ದ ಕತೆಯೆಲ್ಲ ನಿನಗೆ ಗೊತ್ತು. ಇದೊಂದು ಗೊತ್ತಿಲ್ಲ. ನಿನ್ನ ಅಮ್ಮನಿಗೂ ಹೇಳಿಲ್ಲ.

1986. ಆ ವರ್ಷ ರಂಜಾನ್ ಮೇ ತಿಂಗಳಲ್ಲಿ ಬಂದಿತ್ತು. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬಂದು ಚೌತಿಯನ್ನು ಮಳೆಗಾಲದಲ್ಲೇ ಹಿಡಿದಿಡುತ್ತದೆ. ಅವರಲ್ಲಿ ಅದಿಲ್ಲ. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ರಂಜಾನ್ ಎಲ್ಲ ಕಾಲವನ್ನೂ ಸುತ್ತಿ ಬರುತ್ತದೆ. ಆ ಸಲ ಸೆಕೆಗೆ ಸಿಕ್ಕಿಬಿದ್ದಿತ್ತು. ಹಗಲು ಹೊರಗೆ ಕಾಲಿಡುವ ಹಾಗಿರಲಿಲ್ಲ. ನಾವು ಮಸ್ಕತ್ತಿನ ಮತ್ರಾದಲ್ಲಿದ್ದೆವು, ಸೂಕ್ ಅಂದರೆ ಪೇಟೆಯ ಹಿಂದಿನ ಓಣಿಯಲ್ಲಿ. ಪಕ್ಕದ ಮನೆಯವರು ಒಮಾನಿಗಳು. ಅವರ ಮಗನಿಗೂ ನಮ್ಮ ಮಗ ನಿನ್ನ ಅಣ್ಣನಿಗೂ ಆರಾರು ವರ್ಷ. ಒಬ್ಬರ ಭಾಷೆ ಒಬ್ಬರಿಗೆ ಬರದೆಯೇ ಇಬ್ಬರೂ ಜೀವದ ಸ್ನೇಹಿತರು.

ರಂಜಾನ್ ಅರ್ಧಕ್ಕೆ ಬಂದ ರಾತ್ರಿ ಕರನ್‌ಕಶೋ. ತಿಂಗಳ ನಡು ಅಂದರೆ ಹುಣ್ಣಿಮೆಯ ಆಸುಪಾಸು, ಓಣಿಯಲ್ಲಿ ಬೆಳದಿಂಗಳು. ಸಂಜೆಯ ನಮಾಜ್ ಮುಗಿದ ಕೂಡಲೇ ಮಕ್ಕಳು ಗುಂಪು ಕಟ್ಟಿಕೊಂಡು ಹೊರಡುತ್ತಿದ್ದರು. ಗಂಡುಮಕ್ಕಳಿಗೆ ಬಿಳಿ ದಿಶ್‌ದಾಶಾ, ತಲೆಗೆ ಕಸೂತಿಯ ಟೋಪಿ, ಕುಮ್ಮಾ. ಕಲ್ಲೋ ಕಪ್ಪೆಚಿಪ್ಪೋ ಬಡಿಯುತ್ತಾ, ಒಂದಿಷ್ಟು ಹಲ್ವ ಕೊಡಿ ಅಂತ ಹಾಡುತ್ತಾ ಮನೆ ಮನೆಗೆ ಬರುತ್ತಿದ್ದರು. ನಮ್ಮವನು ಹಿಂದಿನ ಶುಕ್ರವಾರ ಕುರಂ ಬೀಚಿಗೆ ಹೋದಾಗ ಎರಡು ಚಿಪ್ಪು ಆರಿಸಿ ತಂದಿದ್ದ. ಒಂದು ಅವನ ಅಂಗೈಯಷ್ಟು ದೊಡ್ಡದು, ಅಂಚು ಸ್ವಲ್ಪ ಒಡೆದಿತ್ತು, ಒಳಗೆ ನಸುಗೆಂಪು. ಇನ್ನೊಂದು ಸಣ್ಣದು. ಬಡಿದು ಬಡಿದು ಸದ್ದು ನೋಡುತ್ತಿದ್ದ. ಚಡ್ಡಿ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದ.

ಆ ವಾರವೇ ಊರಿಂದ ನನ್ನ ಅತ್ತೆಯ ಪತ್ರ ಬಂದಿತ್ತು. ಮಗು ಅಲ್ಲಿಯವನೇ ಆಗಿಬಿಟ್ಟಾನು, ಜಾಗ್ರತೆ ಅಂತ. ನಿನ್ನ ಸಾಲೇ ಅಲ್ವಾ ಅದು?

ಮಕ್ಕಳ ಸದ್ದು ಓಣಿಯ ತುದಿಯಲ್ಲಿ ಕೇಳಿದ್ದೇ ನಾನು ಮುಂದಿನ ಕೋಣೆಯ ದೀಪ ಆರಿಸಿದೆ. ಕಿಟಕಿ ಹಾಕಿದೆ. ಮಗನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಯಿಗೆ ಕೈ ಇಟ್ಟೆ. ಬಾಗಿಲು ಬಡಿದರು. ಪಕ್ಕದ ಮನೆ ಹುಡುಗ ಇವನ ಹೆಸರು ಹಿಡಿದು ಕರೆದ. ಎರಡು ಸಲ. ಮೂರನೇ ಸಲ ಕರೆಯಲಿಲ್ಲ. ನನ್ನ ಅಂಗೈಗೆ ಮಗನ ಉಸಿರು ಬಿಸಿಬಿಸಿಯಾಗಿ ತಾಗುತ್ತಿತ್ತು. ಹಾಡು ಅರ್ಧಕ್ಕೇ ನಿಂತು, ಆಚೆ ಮನೆಯ ಹತ್ತಿರ ಮತ್ತೆ ಶುರುವಾಯ್ತು.

ಅವನು ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಮಾರನೇ ದಿನ ಬಟ್ಟೆ ಒಗೆಯುವಾಗ ನೋಡಿದರೆ ಜೇಬಿನಲ್ಲಿ ಚಿಪ್ಪು ಇರಲಿಲ್ಲ. ಎಲ್ಲಿ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ನಿನ್ನ ಭಯ ಸಣ್ಣದು ಅಂತ ನಾನು ಹೇಳುವುದಿಲ್ಲ. ಹೊರಗೆ ಬೀದಿಗೆ ಬೀದಿಯೇ ದೀಪ. ನಮ್ಮ ಹಬ್ಬ ನಾಲ್ಕು ಗೋಡೆಯ ಒಳಗೆ. ರಜೆಯೂ ಇಲ್ಲ, ಗಂಡ ಕೆಲಸದಿಂದ ಬರುವವರೆಗೆ ಕಾದು ಆರತಿ ಎತ್ತಬೇಕು. ಮಗು ಯಾವ ಕಡೆ ವಾಲುತ್ತದೆ ಅಂತ ಹೆದರಿಕೆ ಆಗದೆ ಇರುತ್ತಾ? ಆ ಕಡೆಯದನ್ನು ಕಡಿಮೆ ಮಾಡಿದರೆ ಈ ಕಡೆಯದು ಜಾಸ್ತಿ ಆಗುತ್ತದೆ ಅಂತ ನಾನೂ ಲೆಕ್ಕ ಹಾಕಿದ್ದೆ. ಹಾಗೆ ಆಗಲಿಲ್ಲ ಮಗಳೇ. ಎರಡೂ ಕಡಿಮೆಯಾದವು.

ನಮ್ಮ ಹಬ್ಬ ಬಿಟ್ಟಿದ್ದೆ ಅಂತಲ್ಲ. ಅರಿಶಿನದ ಮುದ್ದೆಯಲ್ಲಿ ಗಣಪನನ್ನು ಮಾಡುತ್ತಿದ್ದೆ. ಶಿವರಾತ್ರಿಗೆ ಹಳೇ ಮಸ್ಕತ್ತಿನ ಶಿವನ ಗುಡಿಯಲ್ಲಿ ಸಾಲು ನಿಲ್ಲುತ್ತಿದ್ದೆವು. ಅಷ್ಟಮಿಗೆ ದಾರ್‌ಸೈತಿನ ಕೃಷ್ಣನ ಗುಡಿ. ಗುಜರಾತಿನ ವ್ಯಾಪಾರಿ ಮನೆತನಗಳು ತಲೆತಲಾಂತರದಿಂದ ಮಸ್ಕತ್ತಿನಲ್ಲಿ ನೆಲೆಸಿದ್ದಾವಲ್ಲ, ಆ ಮಕ್ಕಳು ತಮ್ಮತಮ್ಮಲ್ಲಿ ಅರಬ್ಬಿಯಲ್ಲಿ ಮಾತಾಡಿಕೊಂಡೇ ಬಂದು ಗಂಟೆ ಹೊಡೆದು ಅಡ್ಡ ಬೀಳುತ್ತಿದ್ದರು. ಕಣ್ಣೆದುರಿಗೇ ಇದ್ದರೂ ನನಗೆ ಹೊಳೆಯಲಿಲ್ಲ.

ಈದ್ ದಿನ ಪಕ್ಕದ ಮನೆಯಾಕೆ ತಟ್ಟೆಯ ತುಂಬ ಹಲ್ವ ಕಳಿಸುತ್ತಿದ್ದಳು. ಬಿಸಿ ಇನ್ನೂ ಆರಿರುತ್ತಿರಲಿಲ್ಲ. ಬೆರಳಿಗೆ ಅಂಟುವ ಕಂದು ಬಣ್ಣದ ಹಲ್ವ, ಕೇಸರಿ, ಏಲಕ್ಕಿ, ಗುಲಾಬಿ ನೀರಿನ ಪರಿಮಳ. ತಾಮ್ರದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕೈ ಬಿಡದೆ ತಿರುವಬೇಕು ಅದನ್ನು. ನಾನು ಆ ತಟ್ಟೆಯನ್ನು ತೊಳೆದು ಒರೆಸಿ ಖಾಲಿ ವಾಪಸ್ ಕೊಟ್ಟೆ. ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು ಅಂತ ನಿನ್ನ ಅಜ್ಜಿ ನಮಗೆ ಎಷ್ಟು ಸಲ ಹೇಳಿದ್ದರು! ಒಂದು ಹಿಡಿ ಸಕ್ಕರೆ ಆದರೂ ಹಾಕಬೇಕಿತ್ತು. ನಮ್ಮದನ್ನು ಉಳಿಸಿಕೊಳ್ಳುತ್ತೇನೆ ಅಂತ ಹೊರಟವಳು ನಮ್ಮ ಮನೆಯ ಈ ಪದ್ಧತಿಯನ್ನೇ ಮರೆತೆ.

ಇನ್ನೊಂದು. ಒಂದು ಈದ್‌ಗೆ ದೊಡ್ಡಪ್ಪನನ್ನು ಅವರ ಜೊತೆ ಕೆಲಸ ಮಾಡುವವರು ನಿಜ್ವಾದ ಹತ್ತಿರದ ಹಳ್ಳಿಗೆ ಕರೆದಿದ್ದರು, ಶುವಾ ತೆಗೆಯುವುದನ್ನು ನೋಡಲು. ಮಸಾಲೆ ಹಚ್ಚಿದ ಮಾಂಸವನ್ನು ಒಣಗಿದ ಬಾಳೆ ಎಲೆಯಲ್ಲಿ ಸುತ್ತಿ, ಚೀಲದಲ್ಲಿ ಕಟ್ಟಿ, ಕೆಂಡದ ಗುಂಡಿಗೆ ಇಳಿಸಿ, ಮೇಲೆ ಮಣ್ಣು ಮುಚ್ಚಿ ಒಂದೆರಡು ದಿನ ಬಿಡುತ್ತಾರೆ. ಕೇರಿಗೆಲ್ಲ ಒಂದೇ ಗುಂಡಿ. ಅವರವರ ಚೀಲಕ್ಕೆ ಅವರವರ ಗುರುತು. ತೆಗೆಯುವಾಗ ಎಲ್ಲರೂ ಸುತ್ತ ನಿಂತಿರುತ್ತಾರಂತೆ. ಮಗನನ್ನೂ ಕರೆದುಕೊಂಡು ಹೋಗುತ್ತೇನೆ ಅಂದರು ದೊಡ್ಡಪ್ಪ. ನಾನು ಅವನಿಗೆ ಜ್ವರ ಅಂತ ಹೇಳಿದೆ. ಹಣೆ ತಣ್ಣಗಿತ್ತು.

1995ರ ನವೆಂಬರ್ 18 ನಿನಗೆ ನೆನಪಿರಲಿಕ್ಕಿಲ್ಲ. ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ತುಂಬಿದ ವರ್ಷದ ನ್ಯಾಷನಲ್ ಡೇ. ಊರೆಲ್ಲ ಕೆಂಪು, ಬಿಳಿ, ಹಸಿರು. ಆ ಹೊತ್ತಿಗೆ ನನಗೂ ಆ ಊರಿನ ಮೇಲೆ ಅಕ್ಕರೆ ಬಂದಿತ್ತು. ನಮಗೆ ಅನ್ನ ಕೊಟ್ಟ ಊರು. ದೀಪ ನೋಡಿ ಬರೋಣ ಬಾ ಅಂತ ನಿನ್ನ ಅಣ್ಣನನ್ನು ಕರೆದೆ. ಹದಿನೈದು ವರ್ಷದ ಹುಡುಗ, ಪುಸ್ತಕದಿಂದ ತಲೆ ಎತ್ತಲಿಲ್ಲ. "ಅದು ನಮ್ಮದಲ್ವಲ್ಲ ಅಮ್ಮ" ಅಂದ. ನನ್ನದೇ ಮಾತು. ನನ್ನದೇ ಧಾಟಿ.

ಈಗ ಚೌತಿಗೆ ನಾನೇ ಫೋನ್ ಮಾಡಬೇಕು. "ಓ, ಇವತ್ತಾ?" ಅನ್ನುತ್ತಾನೆ. ಮೊನ್ನೆ ಮೊನ್ನೆ ಊರಿಗೆ ಬಂದಾಗ ಜಗಲಿಯಲ್ಲಿ ಕೂತು, ಸಿಟ್ಟಿಲ್ಲದೆ, ಸುಮ್ನೆ ಮಾತಿಗೆ ಮಾತು ಬಂದು ಹೇಳಿದ: "ಹಬ್ಬ ಅಂದರೆ ನನಗೆ ಮೊದಲು ನೆನಪಾಗೋದು ನೀನು ಬಾಗಿಲು ಹಾಕಿದ್ದು ಅಮ್ಮ." ಅವನಿಗೆ ನೆನಪಿತ್ತು. ನಾನು ಎದ್ದು ಒಳಗೆ ಹೋದೆ.

ಹೋದ ನವರಾತ್ರಿಯಲ್ಲಿ ನಮ್ಮ ಬೀದಿಗೆ ಹೂವಿನಕೋಲಿನ ಮಕ್ಕಳು ಬಂದಿದ್ದರು. ಇಬ್ಬರು ಹುಡುಗರು, ಕೈಯಲ್ಲಿ ಹೂ ಸುತ್ತಿದ ಕೋಲು, ಹಿಂದೆ ಭಾಗವತರು. ಬಾಗಿಲಲ್ಲಿ ನಿಂತು ಹರಸಿದರು, ಒಳಗೆ ಬಂದು ಕೂತು ಯಕ್ಷಗಾನ ಪ್ರಸಂಗದ ಮಾತು ಒಪ್ಪಿಸಿದರು. ಅಕ್ಕಿ, ತೆಂಗಿನಕಾಯಿ, ಮೇಲೆ ದುಡ್ಡಿಟ್ಟು ಕೊಟ್ಟೆ. ಅವರು ಮೆಟ್ಟಿಲು ಇಳಿಯುವಾಗ ಮತ್ರಾದ ಆ ಬಾಗಿಲು ಕಣ್ಣ ಮುಂದೆ ಬಂತು. ಮಕ್ಕಳು ಹಾಡಿಕೊಂಡು ಮನೆ ಬಾಗಿಲಿಗೆ ಬಂದರೆ ಏನು ಮಾಡಬೇಕು ಅಂತ ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತಲ್ಲ ಮಗಳೇ. ಯಾರೂ ಕಲಿಸಬೇಕಿರಲಿಲ್ಲ.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ. ನಮ್ಮವನಾಗಿ ಉಳಿಯುವುದಿಲ್ಲವೇನೋ ಅಂತ. ನಿನ್ನೆ ರಾತ್ರಿ ಪತ್ರವನ್ನು ಇನ್ನೊಂದು ಸಲ ಓದಿದಾಗ ಕಣ್ಣಿಗೆ ಬಿತ್ತು. ಪುಟ್ಟ ಕೇಳಿದ್ದು "ನಮ್ಮ ಹಬ್ಬಕ್ಕೆ ಯಾಕೆ ಯಾರೂ ಬರಲ್ಲ" ಅಂತ. ನಮ್ಮ ಹಬ್ಬ ಅಂದಿದ್ದಾನೆ ನೋಡು. ಬೇಡ ಅನ್ನಲಿಲ್ಲ ಮಗು. ನಾಲ್ಕು ಜನ ಬರಲಿ ಅಂದಿದ್ದಾನೆ, ಅಷ್ಟೇ. ನಿನ್ನ ಭಯದ ಒಳಗೇ ಈ ಮಾತು ಇತ್ತು, ನಿನಗೂ ಕಾಣಲಿಲ್ಲ, ಮೂರು ದಿನ ನನಗೂ ಕಾಣಲಿಲ್ಲ.

ಏನು ಮಾಡಬೇಕು ಅಂತ ಹೇಳಲು ನನಗೆ ಬಾಯಿಲ್ಲ. ಮಾಡಬಾರದ್ದನ್ನು ಮಾಡಿ ಕೂತವಳು. ಆದರೂ ಅನ್ನಿಸಿದ್ದನ್ನು ಬರೆಯುತ್ತೇನೆ. ದೀಪಾವಳಿಗೆ ಇನ್ನು ಒಂದು ತಿಂಗಳು ಇದೆ. ಅಕ್ಕಪಕ್ಕದ ಮಕ್ಕಳು ಯಾರಿದ್ದಾರೋ ಕರೆದು ಒಂದೊಂದು ಹಣತೆ ಕೈಗೆ ಕೊಟ್ಟರೆ ಹೇಗೆ? ಹಬ್ಬದ ಹತ್ತಿರದ ಶುಕ್ರವಾರ ಶನಿವಾರ ನೋಡಿಕೋ, ಎಲ್ಲರಿಗೂ ರಜೆ. ಕಡಲೆಬೇಳೆ ಪಂಚಕಜ್ಜಾಯವಾದರೆ ಯಾವ ಮನೆಯವರೂ ಸಂಕೋಚವಿಲ್ಲದೆ ತಿನ್ನಬಹುದು. ಅಳಿಯಂದಿರಿಗೆ ಇದು ಸರಿ ಬರದಿದ್ದರೆ ಒತ್ತಾಯ ಮಾಡಬೇಡ.

ದಿಶ್‌ದಾಶಾ ಹೊಲಿಸಿಬಿಡು. ಶಾಲೆಯ ಆ ಆಚರಣೆಗೆ ಹೋಗಲಿ. ನ್ಯಾಷನಲ್ ಡೇ ಕತೆಯನ್ನು ಬೇಕಾದರೆ ನೀನೇ ಅವನಿಗೆ ಹೇಳು. ಮೊದಲು ನವೆಂಬರ್ 18 ಇತ್ತು, ಖಾಬೂಸರು ಹುಟ್ಟಿದ ದಿನ. ಈ ವರ್ಷದಿಂದ 20ಕ್ಕೆ ಬಂದಿದೆ, ಈಗಿನ ರಾಜಮನೆತನ 1744ರಲ್ಲಿ ಆಳ್ವಿಕೆ ಶುರು ಮಾಡಿದ್ದರ ನೆನಪಿಗೆ. ಅಮ್ಮನ ಬಾಯಿಂದ ಕೇಳಿದರೆ ಅದು ಕದ್ದು ಆಚರಿಸುವ ಹಬ್ಬ ಅಂತ ಅವನಿಗೆ ಅನ್ನಿಸುವುದಿಲ್ಲ. ನಮ್ಮವನಿಗೆ ಹಾಗೇ ಅನ್ನಿಸಿಬಿಟ್ಟಿತ್ತು ಅಂತ ಕಾಣುತ್ತೆ.

ಸಾಧ್ಯವಾದರೆ ಬರುವ ಜುಲೈನಲ್ಲಿ ಸಲಾಲಾಕ್ಕೆ ಹೋಗಿ ಬನ್ನಿ. ಅಲ್ಲಿ ಅದು ಖರೀಫ್, ಮಳೆಯ ಕಾಲ, ಅದೇ ಒಂದು ಉತ್ಸವ. ಒಮಾನೆಲ್ಲ ಕಾದು ಕೆಂಡವಾಗಿರುವಾಗ ಅಲ್ಲಿ ಜಿನುಗು ಮಳೆ, ಮಂಜು, ಹಸಿರು ಗುಡ್ಡ, ದಾರಿಬದಿಯಲ್ಲಿ ಎಳನೀರು. ನಮ್ಮ ಆಸಾಡಿಯ ಮಳೆ ತರುವ ಗಾಳಿಯೇ ಅಲ್ಲಿಯೂ ಬೀಸುವುದು. ನಾನು ಅಷ್ಟು ವರ್ಷ ಇದ್ದೂ ಮಗನಿಗೆ ಅದನ್ನು ತೋರಿಸಲಿಲ್ಲ. ಖರ್ಚು ಅಂತ ನೆಪ ಹೇಳಿದೆ.

ಮುಂದಿನ ರಂಜಾನ್ ಫೆಬ್ರವರಿಯಲ್ಲಿ ಶುರುವಾಗುತ್ತದೆ, ಕರನ್‌ಕಶೋ ಮಾರ್ಚ್ ಮೊದಲ ವಾರ ಬಂದೀತು. ಚಾಕೊಲೇಟ್, ನೆಲಕಡಲೆ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಬಾಗಿಲ ಹತ್ತಿರ ಇಟ್ಟಿರು. ಜಾಸ್ತಿಯೇ ಇರಲಿ, ಮಕ್ಕಳು ಎಷ್ಟು ಬರುತ್ತಾರೋ. ಮುಂದಿನ ಕೋಣೆಯ ದೀಪ ಹಾಕಿರು.

ಅರಿಶಿನದ ಎಲೆ ಬೇಕಿದ್ದರೆ ಹೇಳು, ಹಿತ್ತಲಲ್ಲಿ ಬೇಕಾದಷ್ಟಿದೆ, ಬರುವವರ ಕೈಲಿ ಕಳಿಸುತ್ತೇನೆ. ಮತ್ತೆ ಪುಟ್ಟನಿಗೆ ಆ ಹಾಡನ್ನು ಫೋನಿನಲ್ಲಿ ಹಾಡಿ ಕಳಿಸಲು ಹೇಳು. ಕೊನೆಯವರೆಗೂ ಹಾಡಲಿ. ನಾನು ಅದನ್ನು ಪೂರ್ತಿ ಕೇಳಿಲ್ಲ.

ನಿನ್ನ
ದೊಡ್ಡಮ್ಮ