ಸೆಖೆಯ ದಿನಗಳಲ್ಲಿ ಬಚ್ಚಲಿನ ನೀರು

ಮಾನ್ಯರೇ,

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ನೀರನ್ನು ಅಳೆದು ಬಳಸಬೇಕು ಎಂದರೆ ಹೊರಗಿನವರು ನಂಬಲಿಕ್ಕಿಲ್ಲ. ಆದರೆ ಚಿರೇಕಲ್ಲಿನ ನೆಲ ಕುಡಿದ ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವುದಿಲ್ಲ. ಆಷಾಢದಲ್ಲಿ ಕೈಗೆ ಎಟಕುವಂತಿದ್ದ ಬಾವಿಯ ನೀರು ಯುಗಾದಿ ಕಳೆಯುತ್ತಿದ್ದಂತೆ ತಳ ಸೇರುತ್ತದೆ. ಅಘನಾಶಿನಿ ಅಳಿವೆಯ ಅಂಚಿನ ನಮ್ಮಂಥ ಊರುಗಳಲ್ಲಿ ಇನ್ನೊಂದು ತೊಡಕೂ ಉಂಟು: ನದಿಯ ಹರಿವು ಕುಗ್ಗಿ ಭರತಿಯ ನೀರು ಒಳಕ್ಕೆ ಏರಿ ಬರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಪಂಪು ಹಚ್ಚಿ ಹೆಚ್ಚು ಎತ್ತಿದಷ್ಟೂ ಬಾವಿಯ ನೀರು ಉಪ್ಪಾಗುತ್ತದೆ.

ನಾವು ಅತಿ ಹೆಚ್ಚು ಸ್ನಾನ ಮಾಡುವುದೂ ಇದೇ ತಿಂಗಳುಗಳಲ್ಲಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಕ್ಕಳಿಗಾದರೆ ಮಲಗುವ ಮುನ್ನ ಮತ್ತೊಮ್ಮೆ. ಈ ಸೆಖೆಯಲ್ಲಿ ಬೆವರಿದ ಮೈಗೆ ನೀರು ಬೇಕೇ ಬೇಕು, ಸ್ನಾನ ಬಿಡಿ ಎಂದು ನಾನು ಹೇಳುತ್ತಿಲ್ಲ. ಮೀಯುವ ರೀತಿಯನ್ನು ಬದಲಿಸಿಕೊಳ್ಳೋಣ ಎನ್ನುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕೊಡಪಾನಗಳನ್ನು ಸಾಲಿಟ್ಟು ಕಾದು ಬಂದ ಒಂದು ಮಧ್ಯಾಹ್ನ, ನಮ್ಮ ಬಚ್ಚಲಿನ ಶವರಿನ ಕೆಳಗೆ 15 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿದೆ. ಒಂದೂವರೆ ನಿಮಿಷಕ್ಕೆ ತುಂಬಿತು. ಕಾಲೇಜಿಗೆ ಹೋಗುವ ನನ್ನ ಮಗ ಅದರ ಕೆಳಗೆ ಎಂಟು ನಿಮಿಷ ನಿಲ್ಲುತ್ತಾನೆ, ಅಂದರೆ 80 ಲೀಟರ್. ಜಲಜೀವನ್ ಮಿಷನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ಕುಡಿಯುವುದರಿಂದ ಹಿಡಿದು ಬಟ್ಟೆ ಒಗೆಯುವವರೆಗೆ ಇಡೀ ದಿನಕ್ಕೆ ಗೊತ್ತುಮಾಡಿರುವ ನೀರು 55 ಲೀಟರ್. ಈ ಎರಡು ಅಂಕೆಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅವನಿಗೆ ತೋರಿಸಿದೆ. ಬೈಯುವ ಪ್ರಸಂಗ ಬರಲಿಲ್ಲ. ಈಗ ಮನೆಯಲ್ಲಿ ಎಲ್ಲರದೂ ಬಕೆಟ್ ಸ್ನಾನವೇ. ತಲೆಗೆ ಎರೆದುಕೊಳ್ಳುವ ದಿನ ಬಿಟ್ಟರೆ ಒಬ್ಬರಿಗೆ ಒಂದು ಬಕೆಟ್ ಧಾರಾಳವಾಗಿ ಸಾಕಾಗುತ್ತದೆ.

ಆದರೆ ಬಕೆಟ್ ಇದ್ದರೂ ನಳ ಬಿಟ್ಟುಕೊಂಡೇ ಮೀಯುವ ರೂಢಿ ಅನೇಕರದು. ತುಂಬಿ ಉಕ್ಕಿದ ನೀರು ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಅತ್ತೆಯವರು ಬಾವಿಯಿಂದ ಸೇದಿ, ಸೊಂಟದ ಮೇಲೆ ಹೊತ್ತು ತಂದು ಹಂಡೆಗೆ ಹೊಯ್ಯುತ್ತಿದ್ದುದರಿಂದ ಒಂದೊಂದು ತಂಬಿಗೆಯ ಬೆಲೆ ಅವರ ತೋಳಿಗೇ ಗೊತ್ತಿತ್ತು. ದೀಪಾವಳಿಯಲ್ಲಿ ನೀರು ತುಂಬುವ ಸಂಜೆ ಹಂಡೆಯನ್ನು ಬೆಳಗಿ, ಹಿಂಡಲಕಾಯಿ ಬಳ್ಳಿ ಸುತ್ತಿ ಪೂಜಿಸುವ ನಾವು, ಬೇಸಿಗೆಯಲ್ಲಿ ಕನಿಷ್ಠ ಬಕೆಟ್ ತುಂಬಿದೊಡನೆ ನಳ ನಿಲ್ಲಿಸಿ ಆಮೇಲೆ ಸ್ನಾನಕ್ಕೆ ಕೂರಬಹುದಲ್ಲವೇ? ಸೋಲಾರ್ ಇರುವ ಮನೆಗಳಲ್ಲಿ ಬಿಸಿನೀರು ಬರುವ ಮೊದಲು ಹರಿದುಹೋಗುವ ತಣ್ಣೀರನ್ನೂ ಹಿಡಿದಿಡಬೇಕು. ನಮ್ಮಲ್ಲಿ ಅದು ಸುಮಾರು ಐದು ಲೀಟರ್, ಪಾತ್ರೆ ತೊಳೆಯಲು ಒದಗುತ್ತದೆ. ಸಂಜೆಯ ಸ್ನಾನದ ಬದಲು ಕೈಕಾಲು, ಮುಖ ತೊಳೆದು ಒದ್ದೆ ಟವೆಲ್ಲಿನಿಂದ ಮೈ ಒರೆಸಿಕೊಂಡರೂ ಸೆಖೆ ಇಳಿಯುತ್ತದೆ.

ಬಳಸಿದ ನೀರಿನ ಬಗ್ಗೆಯೂ ಒಂದು ಮಾತು. ಹಳೆಯ ಮನೆಗಳ ಬಚ್ಚಲ ನೀರು ನೇರ ತೆಂಗಿನ ಬುಡಕ್ಕೋ ಬಾಳೆ, ಕೆಸುವಿನ ಪಾತಿಗೋ ಹೋಗುತ್ತಿತ್ತು. ಈಗ ಕಟ್ಟುವ ಮನೆಗಳಲ್ಲಿ ಅದನ್ನು ಶೌಚಾಲಯದ ಪೈಪಿಗೇ ಸೇರಿಸಿ ಗುಂಡಿಗೆ ಬಿಡುತ್ತಾರೆ, ಅದೇ ಹೊತ್ತಿಗೆ ತೆಂಗಿಗೆ ಬಾವಿಯಿಂದ ಪಂಪು ಓಡುತ್ತಿರುತ್ತದೆ. ಇದು ನನಗೆ ತುಂಬಾ ಸಂಕಟದ ಸಂಗತಿ. ಮನೆ ಕಟ್ಟಿಸುತ್ತಿರುವವರು ನೆಲಕ್ಕೆ ಟೈಲ್ಸ್ ಕೂರಿಸುವ ಮೊದಲೇ ಪ್ಲಂಬರಿಗೆ ಹೇಳಿ ಬಚ್ಚಲಿಗೆ ಪ್ರತ್ಯೇಕ ಪೈಪು ಹಾಕಿಸಿಕೊಳ್ಳಲಿ. ಆಮೇಲೆ ಒಡೆದು ಮಾಡಿಸುವುದು ಕಷ್ಟ, ಖರ್ಚೂ ಹೆಚ್ಚು.

ಗೋಕರ್ಣ, ಮುರ್ಡೇಶ್ವರಗಳ ವಸತಿಗೃಹಗಳ ಮಾಲೀಕರಲ್ಲೂ ನನ್ನ ವಿನಂತಿಯಿದೆ. ಬಂದವರಿಗೆ ಶವರ್ ಒಂದನ್ನೇ ತೋರಿಸದೆ, ಮುಂದಿನ ಮಾರ್ಚ್ ಬರುವುದರೊಳಗೆ ಪ್ರತಿ ಬಚ್ಚಲಿನಲ್ಲೂ ಒಂದು ಬಕೆಟ್, ಒಂದು ತಂಬಿಗೆ ಇರಿಸಿ.

– ಓರ್ವ ಗೃಹಿಣಿ, ಕುಮಟಾ ತಾಲ್ಲೂಕು