ವಿಕಿರಣದ ಸುದ್ದಿ ಬಂದರೆ ಮಕ್ಕಳನ್ನು ಕರೆದೊಯ್ಯಲು ಓಡಿ ಬರಬೇಡಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ಬುಧವಾರದ ಮಧ್ಯಾಹ್ನ ನೆನಪಿದೆ ಅಲ್ವಾ? ಎಲ್ಲೋ ಅಣು ಸ್ಥಾವರದಲ್ಲಿ ವಿಕಿರಣ ಸೋರಿದೆ, ಇವತ್ತಿನ ಮಳೆಯಲ್ಲಿ ನೆನೆಯಬೇಡಿ ಅಂತ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬಂತು. ಅರ್ಧ ಗಂಟೆಯೊಳಗೆ ಶಾಲೆ ಗೇಟಿನ ಮುಂದೆ ಜೀಪು, ಬೈಕುಗಳ ಸಾಲು. ಮಕ್ಕಳು ಬಿಸಿಯೂಟದ ತಟ್ಟೆ ಹಿಡಿದುಕೊಂಡೇ ಅಳುತ್ತಿದ್ದರು. ಸಂದೇಶ ಸುಳ್ಳು. ಅದನ್ನು ಯಾರು ಕಳಿಸಿದರು ಅಂತ ಹುಡುಕಲು ನಾನು ಹೋಗಿಲ್ಲ. ಮಳೆಗಾಲದಲ್ಲಿ ಹಳೆಯ ರಜೆ ಆದೇಶದ ತಾರೀಕು ತಿದ್ದಿ ಹರಿಬಿಡುವವರನ್ನು ವರ್ಷವರ್ಷವೂ ನೋಡುತ್ತಿದ್ದೇವೆ.

ಆದರೆ ಆ ಗಲಾಟೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ನಿಜವಾಗಲೂ ಆದ್ರೆ ನಮಗೆ ಯಾರು ಹೇಳ್ತಾರೆ?" ಅವಳಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ.

ನಮ್ಮ ರಾಜ್ಯದಲ್ಲಿರುವ ಅಣು ವಿದ್ಯುತ್ ಸ್ಥಾವರ ಕೈಗಾ ಒಂದೇ. ಅದು ಉತ್ತರ ಕನ್ನಡದಲ್ಲಿ, ಕಾಳಿ ನದಿಯ ದಡದಲ್ಲಿದೆ. ನಮ್ಮ ಕೊಡಗಿನ ಮಡಿಕೇರಿಯಿಂದ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಇಂಥ ಸ್ಥಾವರಗಳ ಸುತ್ತ 16 ಕಿ.ಮೀ.ವರೆಗಿನ ಊರುಗಳಿಗೆ ತುರ್ತು ಯೋಜನೆ ಮೊದಲೇ ಸಿದ್ಧವಿರುತ್ತದೆ. ತೊಂದರೆ ಸ್ಥಾವರದ ಒಳಗೇ ಇದ್ದರೆ ಒಂದು ಹಂತ, ಕಾಂಪೌಂಡಿನವರೆಗೆ ಬಂದರೆ ಇನ್ನೊಂದು, ಕಾಂಪೌಂಡ್ ದಾಟಿದರೆ ಮೂರನೆಯದು. ಮೂರನೇ ಹಂತದಲ್ಲಿ ಜನರ ಜವಾಬ್ದಾರಿ ಆ ಜಿಲ್ಲೆಯ ಡಿಸಿಯದು. ಗಾಳಿ ಯಾವ ಕಡೆ ಬೀಸುತ್ತಿದೆ, ಎಲ್ಲಿ ಎಷ್ಟು ವಿಕಿರಣವಿದೆ ಅಂತ ಸ್ಥಾವರದವರು ಅಳೆದು ಹೇಳುತ್ತಾರೆ. ಜನ ಮನೆಯೊಳಗೇ ಇರಬೇಕೋ, ಊರು ಬಿಡಬೇಕೋ, ಹಾಲು ತರಕಾರಿ ನಿಲ್ಲಿಸಬೇಕೋ ಅನ್ನುವುದನ್ನು ಡಿಸಿ ತೀರ್ಮಾನಿಸುತ್ತಾರೆ. ಅಣುಶಕ್ತಿ ಇಲಾಖೆಯಲ್ಲಿ ಇದಕ್ಕೆಂದೇ ಒಂದು ಬಿಕ್ಕಟ್ಟು ನಿರ್ವಹಣಾ ಗುಂಪಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲಿ ಮಾರ್ಗಸೂಚಿ ಕೊಟ್ಟಿದೆ. 2018ರಲ್ಲಿ ನಮ್ಮೂರಿಗೆ ಬಂದಿದ್ದ ರಾಷ್ಟ್ರೀಯ ವಿಪತ್ತು ಪಡೆ ಎನ್‌ಡಿಆರ್‌ಎಫ್‌ನವರಿಗೆ ಇದರಲ್ಲೂ ತರಬೇತಿ ಇರುತ್ತದೆ.

2018 ಅಂದ ಮೇಲೆ ಒಂದು ಮಾತು ಬಿಡಿಸಿ ಹೇಳಲೇಬೇಕು. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ನಾವು ಕಲಿತದ್ದೇನು? ಬರೆ, ಅಂದರೆ ಮನೆ ಪಕ್ಕದ ಮಣ್ಣಿನ ಇಳಿಜಾರು, ಬಿರುಕು ಬಿಟ್ಟರೆ, ಒರತೆ ನೀರು ಕೆಂಪಾದರೆ, ಯಾರಿಗೂ ಕಾಯದೆ ಮನೆ ಬಿಟ್ಟು ಹೊರಡಬೇಕು. ಆ ಬುದ್ಧಿ ಎಷ್ಟೋ ಜೀವ ಉಳಿಸಿತು. ವಿಕಿರಣದ ವಿಷಯದಲ್ಲಿ ಅದೇ ಬುದ್ಧಿ ಕೈಕೊಡುತ್ತದೆ. ವಿಕಿರಣಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಆಕಾಶ ನೋಡಿ ಗೊತ್ತಾಗುವುದಿಲ್ಲ, ಯಂತ್ರದಿಂದ ಮಾತ್ರ ಗೊತ್ತಾಗುವುದು. ಗುಡ್ಡ ಕುಸಿಯುವಾಗ ಮನೆಯಿಂದ ಹೊರಗೆ ಓಡಬೇಕು. ಇಲ್ಲಿ ಮೊದಲು ಒಳಗೆ ಹೋಗಬೇಕು. ಗಾಳಿಯಲ್ಲಿ ವಿಕಿರಣದ ಧೂಳು ಇದ್ದರೆ ಅದು ಉಸಿರಿಗೆ ಹೋಗಬಾರದು, ಮೈಮೇಲೆ ಕೂರಬಾರದು, ಅಷ್ಟೇ. ಹೊರಗಿದ್ದು ಬಂದವರು ಮೇಲಿನ ಬಟ್ಟೆ ಬಿಚ್ಚಿಟ್ಟರೆ ಧೂಳಿನ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಆಮೇಲೆ ಸೋಪು ಹಾಕಿ ಸ್ನಾನ.

ಹಾಗಾಗಿ ಒಳಗೇ ಇರಿ ಅನ್ನುವ ಆದೇಶ ಬಂದರೆ ಹಂಚಿನ ಕೊಠಡಿಗಳ ಮಕ್ಕಳನ್ನೂ ಆರ್‌ಸಿಸಿ ಕಟ್ಟಡಕ್ಕೆ ಕರೆದುಕೊಂಡು, ಬಾಗಿಲು ಕಿಟಕಿ ಮುಚ್ಚಿ ಕೂರಿಸುತ್ತೇವೆ. ಆ ಹೊತ್ತಿನಲ್ಲಿ ನೀವು ಬಂದರೆ ಮಗುವನ್ನು ನಾವೇ ಹೊರಗೆ ಕಳಿಸಿದ ಹಾಗಾಗುತ್ತದೆ, ನೀವೂ ಹೊರಗೆ ಸಿಕ್ಕಿಬೀಳುತ್ತೀರಿ. ನಾನೂ ಮಕ್ಕಳನ್ನು ಬೆಳೆಸಿದವನು. ಮನೆಯಲ್ಲಿ ಸುಮ್ನೆ ಕೂತಿರುವುದು ಕಷ್ಟ ಅಂತ ಗೊತ್ತು. ಆದರೂ ಕೇಳಿಕೊಳ್ಳುತ್ತೇನೆ, ಕಳಿಸಿ ಅಂತ ಮೇಲಿನಿಂದ ಹೇಳುವವರೆಗೆ ಬರಬೇಡಿ.

ಇನ್ನು ಅಯೋಡಿನ್ ಮಾತ್ರೆ. ಇಬ್ಬರು ತಾಯಂದಿರು ಇದನ್ನು ಕೇಳಿದ್ದರು. ಆ ಮಾತ್ರೆ ವಿಕಿರಣಶೀಲ ಅಯೋಡಿನ್‌ನಿಂದ ಥೈರಾಯ್ಡ್ ಗ್ರಂಥಿಯನ್ನು ಮಾತ್ರ ಕಾಪಾಡುತ್ತದೆ, ಅದೂ ಸರಿಯಾದ ಹೊತ್ತಿಗೆ ತೆಗೆದುಕೊಂಡರೆ. ಆರೋಗ್ಯ ಇಲಾಖೆ ಹೇಳದೆ ಯಾರೂ ನುಂಗಬಾರದು. ಅಯೋಡಿನ್ ಇರುವ ಉಪ್ಪು ಜಾಸ್ತಿ ತಿಂದರೆ ಆ ಕೆಲಸ ಆಗುವುದಿಲ್ಲ. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಅವಘಡವಾದಾಗ ಚೀನಾದಲ್ಲಿ ಜನ ಉಪ್ಪಿಗಾಗಿ ಅಂಗಡಿಗಳಿಗೆ ಮುಗಿಬಿದ್ದಿದ್ದರು.

ನನ್ನನ್ನು ಕೇಳಿದರೆ ಕೊಡಗಿನವರು ದೂರದ ಸ್ಥಾವರಕ್ಕಿಂತ ಗುಜರಿ ರಾಶಿಯ ಕಡೆ ಕಣ್ಣಿಡಬೇಕು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯವೊಂದರ ಹಳೆಯ ಯಂತ್ರ ಹರಾಜಿನಲ್ಲಿ ಬಂತು. ಒಳಗೆ ಕೋಬಾಲ್ಟ್-60 ಅನ್ನುವ ವಿಕಿರಣಶೀಲ ವಸ್ತು ಇತ್ತು. ಗೊತ್ತಿಲ್ಲದೆ ಬಿಚ್ಚಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ನಮ್ಮ ಮಕ್ಕಳು ಹಳೆ ಕಬ್ಬಿಣ ಹೆಕ್ಕಿ ಮಾರಿ ಐಸ್‌ಕ್ರೀಮ್ ತಿನ್ನುವುದು ನಿಮಗೆ ಗೊತ್ತೇ ಇದೆ. ಹಳದಿ ಬಣ್ಣದ ಮೇಲೆ ನಡುವೆ ಚುಕ್ಕೆ, ಸುತ್ತ ಫ್ಯಾನಿನ ಹಾಗೆ ಮೂರು ರೆಕ್ಕೆ ಇರುವ ಗುರುತು ಕಂಡರೆ ಮುಟ್ಟಬಾರದು, ಬಿಚ್ಚಬಾರದು. ದೂರ ಸರಿದು 112ಕ್ಕೆ ಫೋನ್ ಮಾಡಬೇಕು. ಗುರುತಿನ ಚಿತ್ರವನ್ನು ಎಲ್ಲ ತರಗತಿಗಳಲ್ಲೂ ಅಂಟಿಸಿದ್ದೇವೆ.

ಸುದ್ದಿ ನಿಜವೋ ಸುಳ್ಳೋ ಅಂತ ತಿಳಿಯಲು 1077ಕ್ಕೆ ಫೋನ್ ಮಾಡಿ, ಅದು ಜಿಲ್ಲಾ ಕಂಟ್ರೋಲ್ ರೂಂ. ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅನ್ನುವ ದಿನ ಸೆಲ್ ಹಾಕಿದ ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿ ಹಚ್ಚಿ. ಅಟ್ಟದ ಮೇಲಿರುವ ರೇಡಿಯೋ ಕೆಳಗಿಳಿಸಿ ಒಮ್ಮೆ ನೋಡಿಬಿಡಿ.

ಬರುವ ಶನಿವಾರ ಬೆಳಿಗ್ಗೆ ಒಳಗೆ ಕೂರುವ ಅಭ್ಯಾಸ ಮಾಡಿಸುತ್ತೇವೆ. ಉದ್ದನೆಯ ಗಂಟೆ ಕೇಳಿದರೆ ಗಾಬರಿಯಾಗಬೇಡಿ. ಪತ್ರದ ಜೊತೆ ಒಂದು ಚೀಟಿ ಇದೆ. ಅದರಲ್ಲಿ ಎರಡು ಫೋನ್ ನಂಬರ್ ಬರೆದು ಸೋಮವಾರದೊಳಗೆ ಕಳಿಸಿ. ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಇರುವವರು ಫೋನ್ ಇಲ್ಲದಿದ್ದರೆ ತೋಟದ ರೈಟರ (ಗುಮಾಸ್ತರ) ನಂಬರ್ ಬರೆದರೂ ಆಗುತ್ತದೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು